ಸೇತುವೆಯ ಬದಿಯ ಮನುಷ್ಯ

ಬೇರೆಯವರ ಮನೆಯಲ್ಲಿ ಸತ್ತವರ ಫೋಟೊಗೆ ಹಾರ ಹಾಕುತ್ತಾರೆ. ಕೊಳ್ಳೇಗಾಲದ ಬಳಿಯ ಮುಳ್ಳೂರಿನ ನಮ್ಮ ಮನೆಯಲ್ಲಿ ಎರಡು ಮರ, ಒಂದು ಹೊಳೆ, ಒಂದು ಸೇತುವೆಗೆ ಹಾರ ಹಾಕುತ್ತಿದ್ದರು. ನಗುವವರು ನಗಲಿ. ಆ ಮನೆಯಲ್ಲಿ ಹುಟ್ಟಿ ಬೆಳೆದು ಕಣ್ಣಾರೆ ಕಂಡವಳು ನಾನು. ನನಗೆ ಇವತ್ತಿಗೂ ನಗು ಬರುವುದಿಲ್ಲ, ಮೈಯೆಲ್ಲ ಉರಿಯುತ್ತದೆ.

ನಮ್ಮ ದೊಡ್ಡಪ್ಪ ರುದ್ರಸ್ವಾಮಿ ಮದುವೆಯಾದ ಎರಡನೇ ವರ್ಷವೇ ಜ್ವರ ಬಂದು ಹೋಗಿಬಿಟ್ಟ. ಒಂದು ಫೋಟೊ ಕೂಡ ತೆಗೆಸಿರಲಿಲ್ಲ. ಅವನು ಬಿಟ್ಟುಹೋದದ್ದು ಹೆಂಡತಿ ಶಿವರತ್ನಮ್ಮನನ್ನು, ಮತ್ತೆ ಒಂದು ಚಿತ್ರವನ್ನು. ಕೊಳ್ಳೇಗಾಲದ ಬಿಳಿ ದೊರೆಯೊಬ್ಬ ಊರು ಬಿಟ್ಟಾಗ ಬಂಗಲೆಯ ಸಾಮಾನು ಹರಾಜಾಯಿತು. ಅಲ್ಲಿಂದ ಹೆಂಡತಿಗೆಂದೇ ಅದನ್ನು ತಂದಿದ್ದ. ಬಣ್ಣವಿಲ್ಲ, ಬರೀ ಕಪ್ಪು ಗೆರೆ. ಯಾವುದೋ ದೇಶದ ಬೆಟ್ಟ, ಎರಡು ಮರ, ಹೊಳೆ, ಸೇತುವೆ. ಸೇತುವೆಯ ಈಚೆ ಬದಿಯಲ್ಲಿ ಕೋಲೂರಿ ನಿಂತ, ಹೆಬ್ಬೆರಳಿನ ಉಗುರಿನಷ್ಟು ದೊಡ್ಡ ಮನುಷ್ಯ.

ನಮ್ಮಜ್ಜಿ ದೊಡ್ಡಬಸಮ್ಮ ಆ ಮನುಷ್ಯನನ್ನೇ ತನ್ನ ಮಗ ಅಂದುಬಿಟ್ಟಳು. ಮಾರ್ಲಮಿಯಲ್ಲಿ ಹಿರಿಯರಿಗೆ ಎಡೆ ಇಡುವಾಗ ಮಗನದೂ ಒಂದು ಗುರುತು ಬೇಕಲ್ಲ. ಹೆತ್ತ ಕರುಳು, ಇರಲಿ. ಆದರೆ ಅಷ್ಟಕ್ಕೇ ಬಿಟ್ಟಳೇ? "ಗಾಜಿನ್ ಮ್ಯಾಲೆ ಇಕ್ಕುದ್ರೆ ಅವುನ್ಗೆ ಮುಟ್ಟಕಿಲ್ಲ ಕನವ್ವ" ಎಂದು ಪ್ರತಿ ಅಮಾವಾಸ್ಯೆಯೂ ಗಾಜು ತೆಗೆಸಿ, ನೀರಲ್ಲಿ ಕಲಸಿದ ವಿಭೂತಿಯನ್ನು ಕಾಗದದ ಮೇಲೆ, ಆ ಮನುಷ್ಯನ ಮೇಲೇ ಇಡಿಸುತ್ತಿದ್ದಳು. ಇಡಬೇಕಾದವಳು ದೊಡ್ಡಮ್ಮ.

ದೊಡ್ಡಮ್ಮನಿಗೆ ಓದು ಬರುತ್ತಿತ್ತು. ಮೈಸೂರಿನ ಆಸ್ಪತ್ರೆಯಲ್ಲಿ ದಾದಿ ಕೆಲಸ ಕಲಿಸುತ್ತಾರೆ ಎಂದು ಎಲ್ಲಿಂದಲೋ ತಿಳಿದುಕೊಂಡಿದ್ದಳು. ಅದೊಂದೇ ಅವಳ ಆಸೆ. ಕೊಳ್ಳೇಗಾಲ ಇನ್ನೂ ಕೊಯಮತ್ತೂರು ಜಿಲ್ಲೆಗೆ ಸೇರಿದ್ದ ಕಾಲ, ಮೈಸೂರು ಎಂದರೆ ಬೇರೆ ಸೀಮೆ. ತವರು ಯಳಂದೂರು. ಅಲ್ಲಿ ಅಣ್ಣ "ಕೊಟ್ಟ ಹೆಣ್ಣು ಕುಲಕ್ಕೆ ಹೊರಗು" ಎಂದು ಬಾಗಿಲಲ್ಲೇ ನಿಲ್ಲಿಸಿ ಕಳಿಸಿದ್ದ. ಒಡವೆಗಳೋ, ಮೈದುನನ ಮದುವೆಗೆ ಬೇಕೆಂದು ಈಸಿಕೊಂಡಿದ್ದರು. ಅವು ನಮ್ಮವ್ವನ ಮೈಮೇಲಿದ್ದವು, ಹಿಂದಕ್ಕೆ ಬರಲಿಲ್ಲ.

ಆ ಮೈದುನನೇ ನಮ್ಮಪ್ಪ ಶಿವಮಲ್ಲಪ್ಪ. ಬಾಯಲ್ಲಿ ಬೆಲ್ಲ, ಕೈಯಲ್ಲಿ ಬೀಗ. ದೊಡ್ಡಮ್ಮ ಮೈಸೂರಿನ ಮಾತೆತ್ತಿದಾಗ ಜಗಲಿಯಲ್ಲಿ ನಾಲ್ಕು ಜನರ ಎದುರಿಗೇ ಹೇಳಿದ, "ಓಗಿ ಅತ್ತಿಗಮ್ಮ, ಬ್ಯಾಡ ಅಂದೋರ್ಯಾರು? ಈ ಮನೇದು ಒಂದ್ ಕಾಸೂ ಮುಟ್ಬ್ಯಾಡಿ. ನಿಮ್ದೇ ಅನ್ನದು ಏನಾರ ಇದ್ರೆ ಅದ್ರಲ್ಲಿ ಓಗಿ." ಅವಳದು ಅನ್ನುವುದು ಏನೂ ಇಲ್ಲವೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಆದರೆ ಚಿತ್ರ ಅವಳದೇ ಆಗಿತ್ತು.

ಹಳೆಯ ಸಾಮಾನು ಕೊಳ್ಳುವ ಮೈಸೂರಿನ ಷಡಕ್ಷರಿ ಎಂಬುವರು ಹಿತ್ತಾಳೆ ದೀಪ ನೋಡಲು ಊರಿಗೆ ಬಂದಾಗ ದೊಡ್ಡಮ್ಮ ಅವರನ್ನು ಮನೆಗೆ ಕರೆಸಿದಳು. "ನನ್ ಮಗುನ್ನ ಮಾರಕ್ ಒಂಟವ್ಳೆ" ಎಂದು ಅಜ್ಜಿ ನಡುಮನೆಯಲ್ಲಿ ಕೂತು ಗೋಳಾಡಿ, ಒಳಕೋಣೆ ಸೇರಿ ಬಾಗಿಲು ಹಾಕಿಕೊಂಡಳು. ದೊಡ್ಡಮ್ಮ ಚಾಪೆ ಹಾಸಿದಳು. ಅವಳು ಒಂದು ಟ್ರಂಕಿನಲ್ಲಿ ಸೀರೆಗಳನ್ನು ಮಡಿಸಿಟ್ಟಿದ್ದನ್ನು ನಾನು ಬೆಳಿಗ್ಗೆಯೇ ನೋಡಿದ್ದೆ.

ಷಡಕ್ಷರಿಯವರು ಮರದ ಕಟ್ಟಿನಿಂದ ಕಾಗದವನ್ನು ಬಿಡಿಸಿ ಚಾಪೆಯ ಮೇಲಿಟ್ಟರು. ಭೂತಗನ್ನಡಿ ಹಿಡಿದು ಗೆರೆಗಳನ್ನು ನೋಡಿದರು. ಕೆಳಗಿದ್ದ ಇಂಗ್ಲಿಷ್ ಅಕ್ಷರ ಓದಿ, "ಎಡಗಡೆ ಇರೋದು ಬಣ್ಣದಲ್ಲಿ ಬರೆದೋನ ಹೆಸರು, ಬಲಗಡೆ ಅದನ್ನ ನೋಡಿ ತಾಮ್ರದ ತಗಡಿನ ಮೇಲೆ ಕೊರೆದೋನ ಹೆಸರು" ಎಂದರು. ಅಂಚಿನ ಸುತ್ತ ಬೆರಳಾಡಿಸಿ ದೊಡ್ಡಮ್ಮನಿಗೂ ಮುಟ್ಟಿ ತೋರಿಸಿದರು. ತಗಡು ಒತ್ತಿದ ತಗ್ಗು ಅಲ್ಲಿ ಕೈಗೆ ಸಿಗುತ್ತಿತ್ತು. "ನಿಜವಾದ ಹಳೇ ಅಚ್ಚು ತಾಯಿ. ನೂರೈವತ್ತು ವರ್ಷ ಆಗಿರಬೇಕು. ಬೆಂಗಳೂರು ದಂಡು ಪ್ರದೇಶದಲ್ಲಿ ಇಂಥದ್ದಕ್ಕೆ ಕಾದು ಕೂತಿರೋರಿದ್ದಾರೆ."

ದೊಡ್ಡಮ್ಮನ ಮುಖ ಅರಳಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಅಪ್ಪ ಜಗಲಿಯ ಮೇಲೆ ಎಲೆ ಅಡಿಕೆ ಅಗಿಯುವುದನ್ನು ನಿಲ್ಲಿಸಿದ.

ಕಾಗದದ ನೆಯ್ಗೆ ನೋಡಬೇಕೆಂದು ಷಡಕ್ಷರಿಯವರು ಅದನ್ನು ಬಾಗಿಲ ಬೆಳಕಿಗೆ ಎತ್ತಿ ಹಿಡಿದರು. ವರ್ಷಗಟ್ಟಲೆ ಹಚ್ಚಿ ಹಚ್ಚಿ ಹೆಪ್ಪುಗಟ್ಟಿದ್ದ ವಿಭೂತಿ ಹೆಕ್ಕಳೆಯಾಗಿ ಕಳಚಿ ಚಾಪೆಗೆ ಬಿತ್ತು. ಅದಕ್ಕೆ ಅಂಟಿಕೊಂಡು ಮನುಷ್ಯನೂ ಬಂದುಬಿಟ್ಟಿದ್ದ. ಅವನು ನಿಂತಿದ್ದ ಜಾಗದಲ್ಲಿ ಬೀದಿ ಕಾಣುತ್ತಿತ್ತು.

ಅವರು ಕಾಗದವನ್ನು ಮೆಲ್ಲಗೆ ಚಾಪೆಗೆ ಇಳಿಸಿದರು. "ಎಂಥಾ ಕೆಲಸ ಆಗೋಯ್ತು ತಾಯಿ. ಇದೊಂದು ಆಗದೆ ಇದ್ದಿದ್ರೆ ನೀವು ಕೇಳಿದಷ್ಟು ಕೊಡ್ತಿದ್ದೆ."

"ಈಗ?"

"ಈಗ ಕಟ್ಟಿನ ಬೆಲೆ ಕೊಡಬಹುದು. ತೇಗ ಚೆನ್ನಾಗಿದೆ."

ಕಟ್ಟಿನ ಬೆಲೆಯಲ್ಲಿ ಕೊಳ್ಳೇಗಾಲ ಮುಟ್ಟಬಹುದಿತ್ತು, ಸಂಜೆಗೆ ಹಿಂದಕ್ಕೂ ಬರಬಹುದಿತ್ತು. ದೊಡ್ಡಮ್ಮ ವಿಭೂತಿಯ ಹೆಕ್ಕಳೆಯನ್ನು ಅಂಗೈಯಲ್ಲಿಟ್ಟುಕೊಂಡು ಕೇಳಿದಳು, "ಇಂಥವು ಇನ್ನೂ ಅವಾ ಸ್ವಾಮಿ?"

"ಒಂದು ತಗಡಿನಲ್ಲಿ ನೂರಾರು ತೆಗೀತಾರೆ."

"ಎಲ್ಲಾದ್ರಲ್ಲೂ ಈ ಮನ್ಸ ಅವ್ನಾ?"

"ಎಲ್ಲದರಲ್ಲೂ. ಸೇತುವೆ ಈಚೆ ಹೀಗೇ ನಿಂತಿರ್ತಾನೆ."

"ನಮ್ಮವ್ನು ಓಗ್ಬುಟ್ಟ" ಎಂದಳು ದೊಡ್ಡಮ್ಮ.

ಅಪ್ಪ ಜಗಲಿಯಿಂದಲೇ, "ನನ್ ಮಾತ್ಗೆ ನಾನ್ ತಪ್ಪಕಿಲ್ಲ ಅತ್ತಿಗಮ್ಮ, ಓಗದಾದ್ರೆ ಓಗಿ" ಎಂದ. ಎಲೆ ಅಡಿಕೆ ಮತ್ತೆ ಅಗಿಯತೊಡಗಿದ. ಆ ಸದ್ದು ನೆನೆದರೆ ನನ್ನ ರಕ್ತ ಇವತ್ತಿಗೂ ಕೊತಕೊತ ಕುದಿಯುತ್ತದೆ. ಷಡಕ್ಷರಿಯವರು ಹೋದ ಮೇಲೆ ದೊಡ್ಡಮ್ಮ ಕಾಗದವನ್ನು ಕಟ್ಟಿಗೆ ಸೇರಿಸಿ ಅದೇ ಮೊಳೆಗೆ ತೂಗುಹಾಕಿದಳು. ಟ್ರಂಕಿನ ಸೀರೆಗಳು ಹಗ್ಗದ ಮೇಲಕ್ಕೆ ಬಂದವು.

ಅಮಾವಾಸ್ಯೆ ಬಂತು. ಅಜ್ಜಿಗೆ ಕಣ್ಣು ಮಂಜು, ತೂತು ಕಂಡಿರಲಿಲ್ಲ, ಯಾರೂ ಹೇಳಿರಲಿಲ್ಲ. "ನನ್ ಮಗುನ್ಗೆ ವಿಭೂತಿ ಇಕ್ಕವ್ವ" ಎಂದಳು. ದೊಡ್ಡಮ್ಮ ಗಾಜು ತೆಗೆದಳು, ವಿಭೂತಿ ಕಲಸಿದಳು. ಅವಳ ಬೆರಳು ತೂತಿನೊಳಗೆ ಹೋಗಿ ಹಿಂದಿನ ಹಲಗೆಗೆ ತಾಗಿತು.

"ಸರ್ಯಾಗ್ ಇಕ್ಕು" ಎಂದಳು ಅಜ್ಜಿ.

ದೊಡ್ಡಮ್ಮ ಸರಿಯಾಗಿ ಇಟ್ಟಳು.