ರೇಡಿಯೋದಲ್ಲಿ ನನ್ನ ಹಲ್ಲು

ಕಳೆದ ವಾರವಿಡೀ ನಾನು ಹಲ್ಲು ತಿಕ್ಕಿದ್ದು ಎದುರುಮನೆಯ ರೇಡಿಯೋದಲ್ಲಿ ಕೇಳಿಸಿತು. ನನಗೇ ಗೊತ್ತಿರಲಿಲ್ಲ.

ನನ್ನ ತಂಗಿಯ ಮಗ ಹಡಗಿನಲ್ಲಿ ಇಂಜಿನಿಯರ್. ಈ ಸಲ ಸವಣೂರಿಗೆ ಬಂದವನು ಲಂಡನ್ನಿನಿಂದ ನನಗೊಂದು ಎಲೆಕ್ಟ್ರಿಕ್ ಟೂತ್‌ಬ್ರಶ್ ತಂದ. "ದೊಡ್ಡವ್ವಾ, ಇನ್ನ ಕೈ ಆಡಸೂದು ಬ್ಯಾಡ. ಸುಮ್ನ ಹಿಡಕೊಂಡು ನಿಂದ್ರು."

ಕಾನ್ವೆಂಟ್‌ನಲ್ಲಿ ಸಿಸ್ಟರ್ ಒಬ್ಬರು ನಮ್ಮ ಬೆನ್ನ ಹಿಂದೆ ನಿಂತು "ಅಪ್ ಅಂಡ್ ಡೌನ್ ಗರ್ಲ್ಸ್, ನೆವರ್ ಸೈಡ್‌ವೇಸ್" ಎನ್ನುತ್ತಿದ್ದರು. ಆ ದನಿ ಇವತ್ತಿಗೂ ಕಿವಿಯಲ್ಲಿದೆ. ಈಗ ಯಂತ್ರವೇ ಅಪ್ ಅಂಡ್ ಡೌನ್ ಮಾಡುತ್ತದೆ. ನನಗೆ ಉಳಿದ ಕೆಲಸ? ಬಾಯಿ ತೆರೆಯುವುದು.

ತೊಂದರೆ ಎಂದರೆ, ವೈರು ಪ್ಲಗ್ಗಿಗೆ ಚುಚ್ಚಿಯೇ ಇರದಿದ್ದರೆ ಅದು ಓಡುವುದಿಲ್ಲ, ನಮ್ಮ ಮನೆಯಲ್ಲಿ ಪ್ಲಗ್ ಇರುವುದು ನಡುಮನೆಯಲ್ಲಿ ಮಾತ್ರ. ಇಷ್ಟು ವರ್ಷ ಕಟ್ಟೆಯ ಮೇಲೆ ತಂಬಿಗೆ ಇಟ್ಟುಕೊಂಡು, ಹೋಗಿ ಬರುವವರನ್ನು ನೋಡುತ್ತ ಹಲ್ಲು ತಿಕ್ಕಿದವಳು ಗೋಡೆಗೆ ಮುಖ ಮಾಡಿ ನಿಂತೆ. (ಪ್ರೋಗ್ರೆಸ್ ಎಂದರೆ ಇಷ್ಟು ಲೋನ್ಲಿ ಆಗಿರಬೇಕೆ?)

ಮೊನ್ನೆ ಸಂಜೆ ಎದುರುಮನೆಯ ಝುಲೇಖಾಬಿ ಬಂದಳು. ಕಣ್ಣು ಕೆಂಪಾಗಿತ್ತು. ಅವಳ ತವರಿನವರು ಕೊಟ್ಟ ರೇಡಿಯೋ ಕೆಟ್ಟಿದೆಯಂತೆ.

"ಮುಂಜಾನಿ ವಾರ್ತಾ ಶುರು ಆತಂದ್ರ ಗೊರ್ರ್ ಅಂತೈತ್ರಿ ಅಕ್ಕೋರ. ಹುಬ್ಬಳ್ಳಿಯಿಂದ ರಿಪೇರಿಯವ ಬಂದ್ರ, ಅವನ ಮುಂದ ಚೊಲೋ ಹಾಡ್ತು. ನಾನ ಏನೋ ತಿರುವಿ ಕೆಡಿಸೇನಿ ಅಂತಾರ ನಮ್ಮವರು. ನಾಳಿ ಸಂತ್ಯಾಗ ಅದನ್ನ ಕೊಟ್ಟು ಆಡು ತರ್ತಾರಂತ."

"ಆಡು ಯಾಕ?"

"ಅದು ಒದರಿದ್ರೂ ಹಾಲರ ಕೊಡ್ತೈತಿ ಅಂತಾರ್ರಿ."

ಗೊರ್ರ್? ಎಲ್ಲೋ ಕೇಳಿದ ಸದ್ದಲ್ಲವೇ? ರೇಡಿಯೋ ಹಚ್ಚಿ ಬಾ ಎಂದು ಅವಳನ್ನು ಕಳಿಸಿ, ಬ್ರಶ್ಶಿನ ಸ್ವಿಚ್ ಒತ್ತಿದೆ. ಎದುರುಮನೆ ಗೊರ್ರ್ ಎಂದಿತು. ಆಫ್ ಮಾಡಿದೆ. ಹಾಡಿತು.

ಆದರೆ ಅವಳ ಗಂಡ ಹುಸೇನಸಾಬರಿಗೆ ಹೇಳುವವರು ಯಾರು? ಮಹಾ ಸಿಟ್ಟಿನ ಮನುಷ್ಯ. ಪುಣ್ಯಕ್ಕೆ ನಮ್ಮ ಓಣಿಯಲ್ಲೊಂದು ರೂಢಿ ಇದೆ: ಹಲ್ಲು ತಿಕ್ಕುತ್ತ ಆಡಿದ ಮಾತಿಗೆ ಯಾರೂ ಸಿಟ್ಟಾಗುವಂತಿಲ್ಲ. ಕಳೆದುಹೋದ ಕೋಳಿಯ ವಿಚಾರಣೆ, ಗಂಡು ಒಪ್ಪಿಗೆಯಿಲ್ಲ ಎನ್ನುವುದು, ಎಲ್ಲ ಆ ಹೊತ್ತಿಗೇ. (ನೊರೆ ತುಂಬಿದ ಬಾಯಿಯೊಂದಿಗೆ ಜಗಳ ಆಡುವುದಾದರೂ ಹೇಗೆ?)

ಮರುದಿನ ಮುಂಜಾನೆ ಹಳೆಯ ಬ್ರಶ್ ಹಿಡಿದು ಕಟ್ಟೆಗೆ ಬಂದೆ. ಎದುರಿಗೆ ಹುಸೇನಸಾಬರು, ಬಾಯಲ್ಲಿ ಬೇವಿನ ಕಡ್ಡಿ. ಪಕ್ಕದಲ್ಲಿ ಸೈಕಲ್ಲು. ಕ್ಯಾರಿಯರ್ ಮೇಲೆ ಕಂಬಳಿ ಸುತ್ತಿದ ರೇಡಿಯೋ. ಬಾಗಿಲಲ್ಲಿ ಝುಲೇಖಾಬಿ, ಹೆಣ ಹೊರಟಂತೆ ನೋಡುತ್ತಿದ್ದಳು.

ಬಾಯ್ತುಂಬ ನೊರೆ ಮಾಡಿಕೊಂಡು ಹೇಳಿಬಿಟ್ಟೆ: "ರೇಡಿಯೋ ಕೆಟ್ಟಿಲ್ರಿ. ಅದು ನನ್ನ ಹಲ್ಲಿನ ಸಪ್ಪಳ."

ಯಂತ್ರವನ್ನು ತರಿಸಿ ನೋಡಿದರು. ಕಡ್ಡಿಯನ್ನು ಆ ದವಡೆಯಿಂದ ಈ ದವಡೆಗೆ ದಾಟಿಸಿದರು. ಸಿಟ್ಟಾಗುವಂತಿಲ್ಲವಲ್ಲ.

"ಹಂಗಂದ್ರ ನಾವು ದಿಲ್ಲಿ ವಾರ್ತಾ ಬಿಟ್ಟು ನಿಮ್ಮ ಬಾಯಿ ಕೇಳಾಕತ್ತಿದ್ವೇನ್ರಿ ಅಕ್ಕೋರ?"

"ಇನ್ನು ವಾರ್ತೆ ಮುಗಿದ ಮ್ಯಾಲೆ ತಿಕ್ಕೋತೇನಿ."

"ಆಗ ನನ್ನ ಹಾಡು ಬರ್ತಾವ್ರಿ," ಎಂದಳು ಝುಲೇಖಾಬಿ.

ಹುಸೇನಸಾಬರು ಉಗುಳಿ, ಬಾಯಿ ಮುಕ್ಕಳಿಸಿ, ತೀರ್ಪು ಕೊಟ್ಟರು. "ಕರೆಂಟ್ ಇದ್ದಾಗ ನಮ್ಮ ರೇಡಿಯೋ. ಕರೆಂಟ್ ಹೋದಾಗ ನಿಮ್ಮ ಮಶೀನು. ಬೇಕಾದಷ್ಟು ತಿಕ್ಕೋರಿ, ಯಾರೂ ಕೇಳೂದಿಲ್ಲ."

ಝುಲೇಖಾಬಿ ಆಗಲೇ ಕಂಬಳಿ ಬಿಚ್ಚಿ ರೇಡಿಯೋ ಒಳಗೆ ಒಯ್ದಿದ್ದಳು. ನಾನು ತಲೆಯಾಡಿಸಿದೆ. ಇಷ್ಟು ಫೇರ್ ಆದ ನ್ಯಾಯದ ಮೇಲೆ ಅಪೀಲು ಹೋಗುವುದಾದರೂ ಯಾವ ಬಾಯಿಂದ?