ಬಯಲಿನ ದಾರಿ ಬಗ್ಗಿಸಿದವನು

ಬಾಷಾನ ಟೀ ಅಂಗಡಿಯ ಗೋಡೆಗೆ ನಮ್ಮೂರಿನ ಒಂದು ನಕ್ಷೆ ಅಂಟಿಸಿದೆ. ವಡೆ ಕರಿಯುವ ಎಣ್ಣೆಯ ಹೊಗೆ ಕುಡಿದು ಅರ್ಧ ಅಜ್ಜಂಪುರ ಕಂದುಬಣ್ಣಕ್ಕೆ ತಿರುಗಿದೆ. ಇವತ್ತು ಬೆಳಿಗ್ಗೆ ಅದರ ಎದುರು ಟೀ ಕುಡಿಯುವಾಗ ನನ್ನ ಹಳೆಯ ಹೊಟ್ಟೆಕಿಚ್ಚು ಮತ್ತೆ ಎದ್ದಿತು. ಯಾಕೆಂದರೆ, ನೋಡಿ, ಅದರ ನಟ್ಟನಡುವೆ ನನ್ನ ಜೀವಮಾನದ ಸಾಧನೆಯಿದೆ. ಹೆಸರು ಮಾತ್ರ ಗಾಳಿಯದು.

ಎರಡು ವರ್ಷದ ಹಿಂದೆ ಬೆಂಗಳೂರಿನ ಕಾಲೇಜೊಂದರ ಹುಡುಗ ಹುಡುಗಿಯರು ರೈಲಿಳಿದರು. ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಚರ್ ಓದುತ್ತಿದ್ದರಂತೆ. ನೆರಳು ಎಲ್ಲಿರಬೇಕು, ಜನ ಎಲ್ಲಿ ಕೂರಬೇಕು ಎಂದು ವರ್ಷಗಟ್ಟಲೆ ಕಲಿಯುವ ವಿದ್ಯೆ. ನಮ್ಮ ಎಮ್ಮೆಗಳು ಒಂದೇ ಮಧ್ಯಾಹ್ನದಲ್ಲಿ ಕಲಿಯುತ್ತವೆ. ಗೊತ್ತಿಲ್ಲದ ಊರನ್ನು ನಡೆದೇ ನೋಡಬೇಕೆಂದು ಮೇಷ್ಟ್ರ ಅಪ್ಪಣೆ. ನಾವೆಲ್ಲ ಪಲ್ಲಕ್ಕಿಯಲ್ಲಿ ಓಡಾಡುವವರೇನೋ ಎಂಬಂತೆ ಊರೇ ನಿಂತು ಅವರ ನಡಿಗೆ ನೋಡಿತು.

ಸ್ಟೇಷನ್ನಿನ ಮುಂದಿನ ಬಯಲಿನಲ್ಲಿ ಅವರು ನಿಂತುಬಿಟ್ಟರು. ಕಲ್ಲಿಲ್ಲ, ಗುಂಡಿಯಿಲ್ಲ, ಆದರೂ ಕಾಲುದಾರಿ ನಡುವೆ ಬಿಲ್ಲಿನಂತೆ ಬಾಗುತ್ತದೆ. ತರೀಕೆರೆ ಬಸ್ಸು ಹಾರನ್ ಹೊಡೆಯುತ್ತಿದ್ದರೂ ಜನ ಸುತ್ತಿಕೊಂಡೇ ಓಡುತ್ತಾರೆ. ಯಾಕೆ? ಟೇಪು ಹಿಡಿದರು, ಇಳಿಜಾರು ನೋಡಿದರು, ಒಬ್ಬ ಕರ್ಚೀಫು ಎತ್ತಿ ಗಾಳಿ ಪರೀಕ್ಷೆ ಮಾಡಿದ.

ನನಗೆ ತಡೆಯಲಾಗಲಿಲ್ಲ. ಅವರ ಮುಂದಾಳಾಗಿದ್ದ ಹುಡುಗಿಗೆ, "ಯಾಕಮ್ಮಾ ಅಷ್ಟೊಂದ್ ಒದ್ದಾಡ್ತೀರ? ಅದನ್ನ ಬಗ್ಗಿಸ್ದೋನು ನಾನೇ ಕಣಮ್ಮ," ಎಂದೆ.

ಮೀಸೆ ಮೂಡದ ಕಾಲದಲ್ಲಿ ನಾನೂ ಬಾಷಾನೂ ಆ ಬಯಲಲ್ಲಿ ಚಿನ್ನಿದಾಂಡು ಆಡುತ್ತಿದ್ದೆವು. ರೈಲಿಗೆ ಹೋಗುವವರೆಲ್ಲ ಆಟದ ನಡುವೆಯೇ ನುಗ್ಗುತ್ತಿದ್ದರು. ಒಂದು ಅಮಾವಾಸ್ಯೆಯ ಮುಂಜಾನೆ ನಾನು ಅಮ್ಮನ ಕುಂಕುಮ ತಂದೆ, ಬಾಷಾ ಅವರಪ್ಪನ ಗಾಡಿಯಿಂದ ನಿಂಬೆಹಣ್ಣು ತಂದ. ಕೊಯ್ದು, ಬಳಿದು, ದಾರಿಯ ಮಧ್ಯೆ ಇಟ್ಟೆವು. ಮಾಟದ ನಿಂಬೆಹಣ್ಣು ದಾಟಲು ಯಾರಿಗೆ ಎದೆಯಿದೆ? ಶಾನುಭೋಗರು ಸುತ್ತಿಹೋದರು, ತರೀಕೆರೆಯಿಂದ ಬಂದ ಅಮಲ್ದಾರರೂ ಸುತ್ತಿಹೋದರು. ಸಂಜೆಗೆ ಹಣ್ಣನ್ನು ಮೇಕೆಯೊಂದು ತಿಂದಿತು. ಮೇಕೆಗೆ ಏನೂ ಆಗಲಿಲ್ಲ. ಜನ ಮಾತ್ರ ಇನ್ನೂ ಸುತ್ತುತ್ತಿದ್ದಾರೆ, ಯಾಕೆಂದು ತಿಳಿಯದ ಅವರ ಮೊಮ್ಮಕ್ಕಳೂ. ಹೇಳಿ, ಯಾವ ಇಂಜಿನಿಯರು ಒಂದು ನಿಂಬೆಹಣ್ಣಿನಲ್ಲಿ ರಸ್ತೆ ಮಾಡಿದ್ದಾನೆ?

ಕಥೆ ಕೇಳಿ ಹುಡುಗಿ ನಕ್ಕಳು. "ಸಕತ್ತಾಗಿದೆ ತಾತ. ಆದ್ರೆ ನಮ್ ಸರ್ ನಂಬಬೇಕಲ್ಲ, ಸಾಕ್ಷಿ ಯಾರಿದ್ದಾರೆ?"

"ಸಾಕ್ಷಿ ಅಗೋ, ಅಲ್ಲೇ ವಡೆ ಕರೀತಾ ನಿಂತವ್ನೆ. ಲೇ ಬಾಷಾ, ಹೇಳೋ!"

ಜೀವಮಾನವಿಡೀ ನನ್ನ ಕೀಟಲೆ ಸಹಿಸಿದವನಿಗೆ ಅಂಥ ಅವಕಾಶ ಮತ್ತೆ ಸಿಗುತ್ತದೆಯೇ? ಬಾಷಾ ಹಸುಗೂಸಿನ ಮುಖ ಮಾಡಿದ. "ಯಾವ ನಿಂಬೆಹಣ್ಣಮ್ಮ? ಈವಯ್ಯ ಬೀರೂರು ಜಂಕ್ಷನ್ನೂ ನಾನೇ ಕಟ್ಸಿದ್ದು ಅಂತಾನೆ. ಅಲ್ಲಿ ಗಾಳಿ ಜೋರು ಕಣಮ್ಮ, ಅದಕ್ಕೇ ಜನ ವಾಲ್ಕೊಂಡು ಹೋಗ್ತಾರೆ."

ಮುಗಿಯಿತು! ಅವರು ಬರೆದ ನಕ್ಷೆಯಲ್ಲಿ ನನ್ನ ತಿರುವಿನ ಮೇಲೆ ನೀಲಿ ಬಾಣ, ಪಕ್ಕದಲ್ಲಿ 'ಗಾಳಿ'. ಅದರದೊಂದು ಪ್ರತಿ ಬಾಷಾನಿಗೆ ಬಂತು, ಥ್ಯಾಂಕ್ಸ್ ಸಮೇತ.

ಇವತ್ತು ಆ ಬಾಣ ನೋಡಿ ರೇಗಿತು. "ಗಾಳಿಯಂತೆ ಗಾಳಿ! ಒಂದ್ ಎಲೆ ಅಲ್ಲಾಡ್ತಿಲ್ಲ. ನೋಡ್ತಿರು, ನೆಟ್ಟಗೆ ಹೋಗಿ ತೋರಿಸ್ತೀನಿ," ಎಂದು ಲೋಟ ಕುಕ್ಕಿ ಹೊರಟೆ.

ಜಾಗ ಬಂತು. ಹಣ್ಣಿಟ್ಟವನು ನಾನು, ಮೇಕೆ ಅದನ್ನು ಚಪ್ಪರಿಸಿದ್ದು ಕಂಡವನೂ ನಾನೇ. ಆದರೂ ಎತ್ತಿದ ಕಾಲು ನನ್ನನ್ನು ಒಂದು ಮಾತೂ ಕೇಳದೆ ಎಡಕ್ಕೆ ಹೊರಳಿತು.

ಹಿಂದಿನಿಂದ ಬಾಷಾ ಕೂಗಿದ: "ಏನ್ಲಾ, ಗಾಳಿ ಜೋರಾಗೈತಾ?"

"ಹೂಂ ಕಣೋ," ಎಂದು ಟವಲನ್ನು ತಲೆಗೆ ಬಿಗಿಯಾಗಿ ಸುತ್ತಿಕೊಂಡೆ.