ಚೌತಿಯ ಮರುದಿನ ಹುಟ್ಟಿದವಳು

ಶಾಲೆಯ ದಾಖಲೆಯ ಪ್ರಕಾರ ನಾನು ಹುಟ್ಟಿದ್ದು ಜೂನ್ ಒಂದರಂದು. ಇಚಿಲಂಪಾಡಿಯಲ್ಲಿ ನನ್ನ ಜೊತೆ ಒಂದನೇ ಕ್ಲಾಸಿಗೆ ಸೇರಿದವರಲ್ಲಿ ಹೆಚ್ಚಿನವರದ್ದೂ ಅದೇ ದಿನ. ಹೆಡ್‌ಮಾಷ್ಟ್ರು ಕೇಳಿದಾಗ ಅಮ್ಮ, "ಚೌತಿಯ ಮರುದಿನ, ಬುಧವಾರ, ಸೂರ್ಯ ಹುಟ್ಟಿ ಎರಡು ಘಳಿಗೆಗೆ" ಎಂದಿದ್ದಳಂತೆ. ಅದರಲ್ಲಿ ತಾರೀಕು ಎಲ್ಲಿದೆ? ಅವರು ವರ್ಷವನ್ನು ಸರಿಯಾಗಿ ಬರೆದು, ಉಳಿದದ್ದಕ್ಕೆ ಎಲ್ಲರಿಗೂ ಕೊಡುವ ಜೂನ್ ಒಂದನ್ನೇ ನನಗೂ ಕೊಟ್ಟರು.

ಘಳಿಗೆ ಈಗಿನವರಿಗೆ ಗೊತ್ತಿರಲಿಕ್ಕಿಲ್ಲ. ದಿನಕ್ಕೆ ಇಪ್ಪತ್ತನಾಲ್ಕು ಗಂಟೆ, ಗಂಟೆಗೆ ಅರವತ್ತು ನಿಮಿಷ. ಅದನ್ನೇ ದೋಸೆಯ ಹಾಗೆ ಮಗುಚಿ ಹಾಕಿದರೆ ದಿನಕ್ಕೆ ಅರವತ್ತು ಘಳಿಗೆ, ಘಳಿಗೆಗೆ ಇಪ್ಪತ್ತನಾಲ್ಕು ನಿಮಿಷ. ಯಾವ ಬದಿಯಿಂದ ನೋಡಿದರೂ ದಿನ ಅಷ್ಟೇ.

ತಾರೀಕು ಇಲ್ಲದ್ದು ನನಗೆ ದೊಡ್ಡ ಸಂಗತಿಯಾಗಿರಲಿಲ್ಲ. ನಕ್ಷತ್ರ ಇಲ್ಲದ್ದು ಮಾತ್ರ ಚುಚ್ಚುತ್ತಿತ್ತು. ಮದುವೆಯಾಗಿ ಪುತ್ತೂರಿಗೆ ಬಂದ ಮೇಲೆ ದೇವಸ್ಥಾನದಲ್ಲಿ ಎಷ್ಟೋ ಅರ್ಚನೆ ಮಾಡಿಸಿದ್ದೇನೆ. ಮನೆಯವರ ನಕ್ಷತ್ರ, ಮಗಳ ನಕ್ಷತ್ರ ಪಟಪಟನೆ ಹೇಳುತ್ತಿದ್ದೆ. ನನ್ನ ಸರದಿ ಬಂದಾಗ ಭಟ್ಟರು, "ಗೊತ್ತಿಲ್ಲದಿದ್ರೆ ಹೆಸರು ಸಾಕಮ್ಮ, ದೇವರಿಗೆ ಗೊತ್ತಾಗ್ತದೆ" ಎನ್ನುತ್ತಿದ್ದರು. ದೇವರಿಗೆ ಗೊತ್ತಾಗುತ್ತದೆ, ನಿಜ. ನನಗೆ ಗೊತ್ತಿಲ್ಲವಲ್ಲ. ಕೇಳಿದ್ದರೆ ಯಾವ ಜೋಯಿಸರಾದರೂ ಲೆಕ್ಕ ಹಾಕಿ ಕೊಡುತ್ತಿದ್ದರೋ ಏನೋ. ಕೇಳಬೇಕೆಂದು ಅಮ್ಮನಿಗೆ ಅನ್ನಿಸಲಿಲ್ಲ, ಅತ್ತೆಗೆ ಅನ್ನಿಸಲಿಲ್ಲ. ಬೇಡಿ ಕೇಳುವಷ್ಟು ದೊಡ್ಡವಳು ನಾನೆಂದು ನನಗೂ ಅನ್ನಿಸಿರಲಿಲ್ಲ.

ದಾರಿ ತೋರಿಸಿದ್ದು ಮಗಳ ಹುಟ್ಟುಹಬ್ಬ. ಅವಳು ಆಸ್ಪತ್ರೆಯಲ್ಲಿ ಹುಟ್ಟಿದವಳು. ತಾರೀಕೂ ಉಂಟು, ನಕ್ಷತ್ರವೂ ಉಂಟು. ಹಾಗಾಗಿ ವರ್ಷಕ್ಕೆ ಎರಡು ಸಲ ಸಂಭ್ರಮ: ನಕ್ಷತ್ರದ ದಿನ ದೇವಸ್ಥಾನ ಮತ್ತು ಪಾಯಸ, ತಾರೀಕಿನ ದಿನ ಕೇಕು. ಅವಳಿಗೆ ಹತ್ತೊಂಬತ್ತು ತುಂಬಿದ ವರ್ಷ ಎರಡೂ ಒಂದೇ ದಿನ ಬಂದವು. ನಾನು ಕ್ಯಾಲೆಂಡರ್ ತಪ್ಪಿರಬೇಕು ಅಂದುಕೊಂಡೆ. ಅವಳೇ ಎಲ್ಲೋ ಓದಿಕೊಂಡು ಬಂದು ಹೇಳಿದಳು:

"ತಪ್ಪಲ್ಲಮ್ಮ. ಹತ್ತೊಂಬತ್ತು ವರ್ಷದಲ್ಲಿ ಇನ್ನೂರ ಮೂವತ್ತೈದು ಅಮಾವಾಸ್ಯೆ ಆಗ್ತದೆ. ಎರಡೂ ಲೆಕ್ಕದ ನಡುವೆ ಹೆಚ್ಚುಕಮ್ಮಿ ಎರಡು ಗಂಟೆಯ ವ್ಯತ್ಯಾಸ, ಅಷ್ಟೇ. ಸೂರ್ಯ, ಚಂದ್ರ ಇಬ್ಬರೂ ಹೊರಟ ಜಾಗಕ್ಕೇ ಬಂದು ನಿಲ್ತಾರೆ."

ಈ ಸಲ ಚೌತಿಯ ಮುನ್ನಾದಿನ ಕಡುಬಿಗೆ ಅಕ್ಕಿ ನೆನೆಹಾಕುವಾಗ ಆ ಮಾತು ನೆನಪಾಯಿತು. ನನಗೆ ಐವತ್ತೇಳು ತುಂಬುವ ವರ್ಷ. ಐವತ್ತೇಳು ಅಂದರೆ ಮೂರು ಹತ್ತೊಂಬತ್ತು. ಹಾಗಾದರೆ ಈ ಸಲ ಚೌತಿಯ ಮರುದಿನ ಯಾವ ತಾರೀಕೋ, ನಾನು ಹುಟ್ಟಿದ್ದೂ ಅದೇ ತಾರೀಕು. ಒದ್ದೆ ಕೈಯಲ್ಲೇ ಹೋಗಿ ಗೋಡೆಯ ಕ್ಯಾಲೆಂಡರ್ ನೋಡಿದೆ. ಚೌತಿ ಆಗಸ್ಟ್ ಇಪ್ಪತ್ತೇಳು. ನಾನು ಇಪ್ಪತ್ತೆಂಟು.

ಮನೆಯವರು ಜಗಲಿಯಲ್ಲಿ ಪೇಪರ್ ಓದುತ್ತಿದ್ದರು. ಬಸ್ಸಿನ ಕಂಡಕ್ಟರ್ ಆಗಿದ್ದವರು. ಚಿಲ್ಲರೆ ಕೇಳದೆ ಯಾವುದನ್ನೂ ಒಪ್ಪುವವರಲ್ಲ.

"ಬುಧವಾರ ಅಂತಲ್ವಾ ನಿನ್ನ ಅಮ್ಮ ಹೇಳಿದ್ದು? ಇಪ್ಪತ್ತೆಂಟು ಗುರುವಾರ ಉಂಟು. ಮುಗೀತು ನಿನ್ನ ಲೆಕ್ಕ."

"ವಾರ ಪ್ರತಿ ವರ್ಷ ಬದಲಾಗ್ತದೆ ಮಾರಾಯ್ರೆ."

"ಹಾಗೆ ಅಡ್ಡ ಹೋಗುದು ಬೇಡ. ಐವತ್ತೇಳು ವರ್ಷ ಹಿಂದೆ ಅದು ಬುಧವಾರ ಆಗಿದ್ರೆ ನಾನು ಒಪ್ತೇನೆ. ಇಲ್ಲದಿದ್ರೆ ಜೂನ್ ಒಂದೇ ನಿಂಗೆ ಗತಿ."

ಸುಳ್ಯದಲ್ಲಿರುವ ಮಗಳಿಗೆ ಫೋನ್ ಮಾಡಿದೆ. ಅವಳು ಮೊಬೈಲ್‌ನಲ್ಲಿ ಆ ವರ್ಷದ ಕ್ಯಾಲೆಂಡರ್ ಹುಡುಕುವಷ್ಟು ಹೊತ್ತು ನನ್ನ ಬಾಯಲ್ಲಿ ದೇವರ ಹೆಸರು ಬಿಟ್ಟು ಬೇರೇನೂ ಇರಲಿಲ್ಲ. ಬೇರೆ ವಾರ ಬಂದರೆ ಅಮ್ಮನ ಮಾತೇ ಸುಳ್ಳಾದೀತು. ನನ್ನ ಹುಟ್ಟಿಗೆ ಇದ್ದ ಸಾಕ್ಷಿ ಅದೊಂದೇ.

"ಅಮ್ಮಾ, ಆಗಸ್ಟ್ ಇಪ್ಪತ್ತೆಂಟು," ಎಂದಳು ಮಗಳು. "ಬುಧವಾರ."

ಫೋನಿನ ಸ್ಪೀಕರ್ ಹಾಕಿದ್ದೆ. ಮನೆಯವರು ಪೇಪರ್ ಮಡಚಿ, "ಇನ್ನೊಮ್ಮೆ ಹೇಳು" ಎಂದರು.

"ಬುಧವಾರ ಅಪ್ಪ. ನೀವು ಸೋತ್ರಿ."

"ಸೋತದ್ದು ನಾನಲ್ಲ, ಆ ಹೆಡ್‌ಮಾಷ್ಟ್ರು," ಎಂದರು ಅವರು. ಆಮೇಲೆ ಎದ್ದು ಪೇಟೆಗೆ ಹೋಗಿ ಮಲ್ಲಿಗೆ ತಂದರು.

ಚೌತಿಯ ಮರುದಿನ ಬೆಳಿಗ್ಗೆ ಇಬ್ಬರೂ ದೇವಸ್ಥಾನಕ್ಕೆ ಹೋದೆವು. ಭಟ್ಟರಿಗೆ ತಾರೀಕು, ಹೊತ್ತು ಹೇಳಿದೆ. ಸೂರ್ಯ ಹುಟ್ಟಿ ಎರಡು ಘಳಿಗೆ, ಅಂದರೆ ಏಳು ಗಂಟೆಯ ಹತ್ತಿರ. ಅವರು ಮೊಬೈಲ್‌ನಲ್ಲಿ ಒತ್ತಿ, ಕನ್ನಡಕ ಮೇಲೇರಿಸಿ, "ಚಿತ್ತಾ ನಕ್ಷತ್ರ, ತುಲಾ ರಾಶಿ" ಎಂದರು. ಮತ್ತೆ ಗೋಡೆಯ ಪಂಚಾಂಗದತ್ತ ತಿರುಗಿದರು. "ನೋಡಿ ಅಮ್ಮ, ಇವತ್ತು ಕೂಡ ಈ ಹೊತ್ತಿಗೆ ಚಿತ್ತೆಯೇ. ಎಂಟೂಮುಕ್ಕಾಲಿಗೆ ಮುಗೀತದೆ. ಬೇಗ ಬನ್ನಿ."

ಸಂಕಲ್ಪ ಮಾಡಿಸುವಾಗ ಭಟ್ಟರು ನಕ್ಷತ್ರ ಕೇಳಿದರು. ಗೊತ್ತಿದ್ದೂ ಕೇಳಿದರು, ನನ್ನ ಬಾಯಿಂದಲೇ ಬರಲಿ ಎಂದಿರಬೇಕು. ಹೇಳಿದೆ. ಸ್ವರ ಸ್ವಲ್ಪ ಜೋರಾಯಿತು. ಪ್ರದಕ್ಷಿಣೆ ಬರುತ್ತಿದ್ದ ಒಬ್ಬರು ತಿರುಗಿ ನೋಡಿದರು. ನೋಡಲಿ. ಭಟ್ಟರು ನನ್ನ ಹೆಸರಿನ ಹಿಂದೆ ನನ್ನ ನಕ್ಷತ್ರ ಸೇರಿಸಿ ಮಂತ್ರ ಹೇಳಿ ಹೂವು ಹಾಕಿದಾಗ, ಮೊದಲ ಸಲ ದೇವರೆದುರು ಪೂರ್ತಿಯಾಗಿ ನಿಂತ ಹಾಗಾಯಿತು.

ಹೊರಗೆ ಚಪ್ಪಲಿ ಹಾಕಿಕೊಳ್ಳುತ್ತಾ ಮನೆಯವರು ಕೇಳಿದರು. "ಬರುವ ವರ್ಷ ಚೌತಿ ಸೆಪ್ಟೆಂಬರಿಗೆ ಹೋಗ್ತದಂತೆ. ನಿನ್ನದು ತಾರೀಕಿಗಾ, ನಕ್ಷತ್ರಕ್ಕಾ?"

"ಎರಡಕ್ಕೂ," ಎಂದೆ. "ಐವತ್ತಾರು ವರ್ಷದ್ದು ಬಾಕಿ ಉಂಟು."